ಎಸ್ಟಿಮೇಟ್ ಬರೆಯುವ ಮುನ್ನ ಒಮ್ಮೆ ಅಟ್ಟ ಹತ್ತಿ: ಚಿಕ್ಕಮಗಳೂರು ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ನಗರಸಭೆ ಮತ್ತು ಪುರಸಭೆಗಳ ಆಡಳಿತದವರಿಗೆ,
ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳಿಗೆ,
ಸಾರ್ವಜನಿಕ ಗ್ರಂಥಾಲಯ ಇಲಾಖೆಯವರಿಗೆ,

ನಮಸ್ಕಾರ.

ಮೈಸೂರು ಸಂಸ್ಥಾನದ ಕಾಲದ ಹೆಂಚಿನ ಮಾಡಿನ ಕಟ್ಟಡಗಳು ನಮ್ಮ ಸೀಮೆಯಲ್ಲಿ ಇನ್ನೂ ನಿಂತಿವೆ. ದಪ್ಪ ಗೋಡೆ, ಎತ್ತರದ ಹಜಾರ, ಸುತ್ತ ಜಗಲಿ, ಮೇಲೆ ಗವಾಕ್ಷಿ. ಇಂಥ ಕಟ್ಟಡದಲ್ಲಿ ಗ್ರಂಥಾಲಯವೋ ವಾಚನಾಲಯವೋ ಚಿತ್ರಶಾಲೆಯೋ ಇದ್ದರೆ ಅದರ 'ನವೀಕರಣ'ಕ್ಕೆ ಬರುವ ಎಸ್ಟಿಮೇಟ್ ಹೆಚ್ಚೂಕಮ್ಮಿ ಒಂದೇ ಅಚ್ಚಿನದು. ಹಳೇ ಗಾರೆ ಕೆತ್ತಿ ಸಿಮೆಂಟ್ ಪ್ಲಾಸ್ಟರ್, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ತಲೆಯ ಮೇಲೆ ಫಾಲ್ಸ್ ಸೀಲಿಂಗ್, ಗೋಡೆಗೆ ಎಮಲ್ಷನ್ ಪೇಂಟ್. ಈ ನಾಲ್ಕರಲ್ಲಿ ಒಂದೂ ಸೋರಿಕೆ ನಿಲ್ಲಿಸುವುದಿಲ್ಲ. ಮೂರು ನೀರನ್ನು ಗೋಡೆಯೊಳಗೇ ಕೂಡಿಹಾಕುತ್ತವೆ, ಉಳಿದೊಂದು, ಫಾಲ್ಸ್ ಸೀಲಿಂಗ್, ಸೋರುವುದನ್ನು ಮರೆಮಾಚುತ್ತದೆ. ಮೇಲೆ ಥಳಕು, ಒಳಗೆ ಹುಳುಕು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ 'ಕಟ್ಟಡ ಶಿಥಿಲವಾಗಿದೆ, ಕೆಡವುವುದೇ ಲೇಸು' ಎಂಬ ಟಿಪ್ಪಣಿ ಕಡತ ಸೇರುತ್ತದೆ.

ನಾವು ಕೇಳುವುದು ಇಷ್ಟೇ. ಎಸ್ಟಿಮೇಟಿನ ಮೊದಲ ಐಟಂ ನೀರಿನದ್ದಾಗಿರಲಿ, ಬಣ್ಣದ್ದು ಕೊನೆಗಿರಲಿ.

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಮಗೆಲ್ಲ ಹೆಮ್ಮೆಯೇ. ಆದರೆ ಒಂಬೈನೂರು ವರ್ಷದ ಕಲ್ಲು 'ಪುರಾತನ' ಎನಿಸಿಕೊಳ್ಳುತ್ತದೆ, ನೂರು ವರ್ಷದ ಹೆಂಚು ಬರೀ 'ಹಳೇದು' ಎನಿಸಿಕೊಳ್ಳುತ್ತದೆ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕಾಯುವುದು ಸಂರಕ್ಷಿತ ಎಂದು ಘೋಷಣೆಯಾದವನ್ನು ಮಾತ್ರ. ಆ ಪಟ್ಟಿಯಲ್ಲಿಲ್ಲದ ಕಟ್ಟಡದ ಹಣೆಬರಹ ಅದನ್ನು ಬಳಸುವ ಇಲಾಖೆಯ ಕೈಯಲ್ಲೇ ಇದೆ. ಅದಕ್ಕೇ ಈ ಪತ್ರ.

ಮಾಡಿನಿಂದ ಶುರುಮಾಡೋಣ.

ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ತೆರೆದದ್ದು 1865ರಲ್ಲಿ. ಆಮೇಲೆ ಬೇರೆಬೇರೆ ಕಾರ್ಖಾನೆಗಳು ಹುಟ್ಟಿಕೊಂಡವು, ಒಂದೊಂದರ ಅಚ್ಚೂ ಕೂದಲೆಳೆಯಷ್ಟು ಬೇರೆ. ಇಲ್ಲೇ ಮೊದಲ ಎಡವಟ್ಟು ಆಗುವುದು. ಒಡೆದ ಹೆಂಚಿನ ಜಾಗಕ್ಕೆ ಪೇಟೆಯಲ್ಲಿ ಸಿಕ್ಕ ಹೊಸ ಹೆಂಚು ತಂದು ಕೂರಿಸುತ್ತಾರೆ. ಕೆಳಗಿಂದ ನೋಡಿದರೆ ಸರಿಯಾಗೇ ಕೂತಂತಿರುತ್ತದೆ. ಆದರೆ ಒಂದು ಹೆಂಚಿನ ಅಂಚಿನ ತೋಡು ಪಕ್ಕದ ಹೆಂಚಿನ ಉಬ್ಬಿಗೆ ಕಚ್ಚಿಕೊಳ್ಳಬೇಕು. ಅದು ಕಚ್ಚದಿದ್ದರೆ ಗಾಳಿ ಹೊಡೆದ ಮಳೆ ಆ ಸಂದಿಯಲ್ಲಿ ಒಳನುಗ್ಗುತ್ತದೆ. ಹೆಂಚು ಮಗುಚಿ ನೋಡಿ, ಬೆನ್ನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದೇ ಅಚ್ಚಿನ ಹೆಂಚನ್ನು ಕೆಡವಿದ ಹಳೇ ಮನೆ, ಹಳೇ ಗೋದಾಮುಗಳಿಂದ ಕೊಂಡು ತರಬಹುದು. ಸಿಗಲಿಲ್ಲವೆಂದರೆ ಮಾಡಿನ ಒಂದು ಮಗ್ಗುಲನ್ನು ಪೂರ್ತಿ ಹೊಸ ಹೆಂಚಿನಿಂದ ಹೊದಿಸಿ, ಅಲ್ಲಿಂದ ಇಳಿಸಿದ ಗಟ್ಟಿ ಹೆಂಚನ್ನೆಲ್ಲ ಇನ್ನೊಂದು ಮಗ್ಗುಲಿಗೆ ಬಳಸಿ. ಎರಡನ್ನೂ ಬೆರೆಸಿದಿರೋ ಸೋರಿತು ಎಂದೇ ಲೆಕ್ಕ.

ಲೆಕ್ಕದ ಮಾತು ಬಂತಲ್ಲ. ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಹಜಾರವೊಂದನ್ನು ತೆಗೆದುಕೊಳ್ಳಿ. ಸುತ್ತಲೂ ಎರಡೂವರೆ ಅಡಿ ಸೂರು ಚಾಚಿದ್ದರೆ 65 x 35 ಅಡಿ ಆಯಿತು. ಇಳಿಜಾರು 30 ಡಿಗ್ರಿ ಇದ್ದರೆ ಮಾಡಿನ ಮೈ ಸುಮಾರು 2,625 ಚದರ ಅಡಿ, ಅಂದರೆ 244 ಚದರ ಮೀಟರ್. ಚದರ ಮೀಟರಿಗೆ 15 ಹೆಂಚಿನಂತೆ 3,660. ಇಳಿಸುವಾಗ, ಏರಿಸುವಾಗ ಒಡೆಯುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ನಾಲ್ಕು ಸಾವಿರ. ನೆತ್ತಿಯ ಹೆಂಚು ಇದರಲ್ಲಿ ಸೇರಿಲ್ಲ. ಒಂದೊಂದು ಹೆಂಚು ಎರಡೂವರೆಯಿಂದ ಮೂರು ಕೆ.ಜಿ. ತೂಗುತ್ತದೆ. ಒಣಗಿದಾಗಲೇ ಹತ್ತು ಟನ್ ಆಸುಪಾಸು, ಆಷಾಢದ ಮಳೆ ಕುಡಿದ ಮೇಲೆ ಇನ್ನೂ ಒಂದೂವರೆ ಟನ್ ಹೆಚ್ಚು. ಈ ಭಾರ ಹೊರುವುದು ಹೆಂಚು ಕೂರುವ ರೀಪು, ಅದರಡಿಯ ಇಳಿಜಾರಿನ ಪಕಾಸಿ, ಅವನ್ನು ಹೊತ್ತ ತೊಲೆಗಳು. 'ಹೆಂಚು ಬದಲಾವಣೆ' ಎಂದು ಒಂದು ಸಾಲು ಬರೆದು, ಮರದ ಕೆಲಸಕ್ಕೆ ಸಾಲೇ ಇಲ್ಲದ ಎಸ್ಟಿಮೇಟ್ ಅರ್ಧಂಬರ್ಧದ್ದು.

ಮರ ನೋಡುವ ಕ್ರಮ ಸರಳ. ತೊಲೆಯ ನಡುಭಾಗ ಬಿಡಿ, ಅದು ಬಹುಮಟ್ಟಿಗೆ ಗಟ್ಟಿಯಾಗೇ ಇರುತ್ತದೆ. ಗೋಡೆಯೊಳಗೆ ಹೂತುಕೊಂಡ ತುದಿಯನ್ನು ನೋಡಿ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಗಟ್ಟಿ ಮರ ಟಣ್ಣೆನ್ನುತ್ತದೆ, ಟೊಳ್ಳಾದದ್ದು ಬದ್ದೆನ್ನುತ್ತದೆ. ಅನುಮಾನ ಬಂದಲ್ಲಿ ಉಳಿಯ ತುದಿಯಿಂದ ಚುಚ್ಚಿ. ಕೈಬಲಕ್ಕೇ ಅರ್ಧ ಇಂಚು ಇಳಿದರೆ ಒಳಗೆ ಲಡ್ಡಾಗಿದೆ. ತುದಿ ಲಡ್ಡಾಯಿತೆಂದು ಇಡೀ ತೊಲೆ ಕಿತ್ತೊಗೆಯಬೇಕಾಗಿಲ್ಲ. ಕೆಳಗಿನಿಂದ ಆಸರೆ ಕೊಟ್ಟು, ಕೆಟ್ಟ ಎರಡು ಮೂರು ಅಡಿ ಕೊಯ್ದು, ಅದೇ ಜಾತಿಯ ಒಣಗಿದ ಮರವನ್ನು ಓರೆಯಾಗಿ ಜೋಡಿಸಿ ಬೋಲ್ಟ್ ಬಿಗಿಯಬಹುದು. ತೇಗ, ಹೊನ್ನೆ, ಮತ್ತಿಯ ಹಳೇ ನಾಟಾ ಇಂದು ದುಡ್ಡು ಕೊಟ್ಟರೂ ಆ ಗುಣದ್ದು ಸಿಗದು. ಕಿತ್ತ ತೊಲೆ 'ಸ್ಕ್ರಾಪ್' ಎಂಬ ಹೆಸರಿನಲ್ಲಿ ಎತ್ತ ಹೋಗುತ್ತದೆ ಎಂಬುದನ್ನು ಇಲ್ಲಿ ಬೆಳೆಸುವುದಿಲ್ಲ. ಕಿತ್ತ ಪ್ರತಿ ಮರದ ಉದ್ದ ದಪ್ಪ ಬರೆದಿಡುವ ವಹಿಯೊಂದು ಇರಲಿ, ಅಷ್ಟು ಸಾಕು.

ಎರಡು ಮಾಡು ಕೂಡುವ ಕಣಿವೆಯಲ್ಲಿ ಮಳೆನೀರು ಹರಿಯುವ ತಗಡಿನ ದೋಣಿಯೇ ಸೋರಿಕೆಯ ತವರು. ಎಲೆ ತುಂಬಿ, ತಗಡು ತುಕ್ಕು ಹಿಡಿದು, ಅದರ ಮೇಲೆ ಯಾರೋ ಡಾಂಬರು ಬಳಿದು, ಡಾಂಬರು ಬೇಸಗೆಯಲ್ಲಿ ಬಿರಿದು ಅವಸ್ಥೆಯಾಗಿರುತ್ತದೆ. ದೋಣಿ ಕನಿಷ್ಠ ಒಂದಡಿ ಅಗಲ ಇರಬೇಕು. ತಗಡು ಎರಡೂ ಬದಿಯ ಹೆಂಚಿನಡಿಗೆ ಆರಾರು ಇಂಚು ಹೋಗಬೇಕು. ಕೂಡಿಸಿದ ಕಡೆ ಮೇಲಿನ ತಗಡು ಕೆಳಗಿನದರ ಮೇಲೆ ಬರಬೇಕೇ ಹೊರತು ಅಡಿಗಲ್ಲ. ಇದನ್ನೂ ಹೇಳಬೇಕೇ ಎನ್ನಬೇಡಿ, ತಿರುವುಮುರುವಾದವು ಬೇಕಾದಷ್ಟಿವೆ. ಇನ್ನು ಮಂಗಗಳು. ಮಲೆನಾಡಿನಲ್ಲಿ ಅವುಗಳ ಕಾಟಕ್ಕೆ ಎಸ್.ಆರ್. ಪುಸ್ತಕದಲ್ಲಿ (ಇಲಾಖೆಯ ದರಪಟ್ಟಿಯಲ್ಲಿ) ಐಟಂ ಇಲ್ಲ, ಆದರೆ ವರ್ಷಕ್ಕೆರಡು ಸಲ, ಮೇ ಮೊದಲ ವಾರ ಮತ್ತು ಮಳೆ ಹೊಳವಾದ ಮೇಲೆ, ಒಬ್ಬ ಹೆಂಚು ಕೆಲಸದವನನ್ನು ಮಾಡಿನ ಮೇಲೆ ಹತ್ತಿಸುವ ಕೂಲಿಯನ್ನಂತೂ ಬಜೆಟ್ಟಿನಲ್ಲಿ ಇಡಬಹುದು. ಬದಲಿಗೆಂದು ಇನ್ನೂರು ಹೆಂಚು ಅಟ್ಟದಲ್ಲೇ ಇರಲಿ.

ಫಾಲ್ಸ್ ಸೀಲಿಂಗಿನ ಬಗ್ಗೆ ನಮ್ಮ ನಿಲುವು ಖಡಾಖಂಡಿತ: ಬೇಡ. ಹಳೇ ಕಟ್ಟಡದಲ್ಲಿ ಮಾಡು ಸೋರಿದರೆ ಮರದ ಮುಚ್ಚಿಗೆಯ ಮೇಲೆ ಆ ದಿನವೇ ಕಲೆ ಕಾಣುತ್ತದೆ. ಜಿಪ್ಸಮ್ ಹಲಗೆಯ ಮೇಲೆ ಬಿದ್ದ ನೀರು ಹಲಗೆ ಉಬ್ಬಿ ಕಳಚಿ ಬೀಳುವವರೆಗೂ ಗುಟ್ಟಾಗಿರುತ್ತದೆ. ಅಷ್ಟರಲ್ಲಿ ಮೇಲಿನ ಪಕಾಸಿಗೆ ಬೂಷ್ಟು ಹಿಡಿದಿರುತ್ತದೆ. ಅಲ್ಲದೆ ಗವಾಕ್ಷಿಗಳು ಮುಚ್ಚಿಹೋಗಿ, ಬಿಸಿ ಗಾಳಿ ಮೇಲೇರಿ ಹೊರಹೋಗುವ ದಾರಿಯೇ ನಿಂತುಹೋಗುತ್ತದೆ. ಆಮೇಲೆ 'ಸೆಕೆ, ಎಸಿ ಹಾಕಿಸಿ' ಎಂಬ ಹೊಸ ಪ್ರಸ್ತಾವನೆ!

ಗೋಡೆಯ ಸಂಗತಿ ಹೆಚ್ಚು ಸೂಕ್ಷ್ಮ. ಈ ಕಟ್ಟಡಗಳ ಕಲ್ಲು ಇಟ್ಟಿಗೆಯ ಗೋಡೆಗೆ ಇಂದಿನಂತೆ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಗೋಡೆಯಲ್ಲಿ ಎರಡು ಮೂರು ಅಡಿ ಏರುವುದು ಮಾಮೂಲು. ಕಟ್ಟಿದವರು ಅದನ್ನು ತಿಳಿದೇ ಸುಣ್ಣದ ಗಾರೆ ಬಳಿದರು. ಸುಣ್ಣದ ಗಾರೆ ಏರಿದ ತೇವವನ್ನು ಹೊರಗೆ ಬಿಟ್ಟುಕೊಡುತ್ತದೆ, ಬೇಸಗೆಯಲ್ಲಿ ಗೋಡೆ ಒಣಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರದಾರಿ ಇಲ್ಲ. ಮೂರಡಿಗೆ ನಿಲ್ಲಬೇಕಿದ್ದದ್ದು ಆರಡಿಗೆ ಏರುತ್ತದೆ, ತನ್ನ ಜೊತೆ ಉಪ್ಪನ್ನೂ ಒಯ್ಯುತ್ತದೆ. ಆ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಊದಿಕೊಳ್ಳುತ್ತದೆ. ಅಂಥ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ. ಡೊಳ್ಳು ಸದ್ದು ಬಂದಲ್ಲಿ ಒಂದು ಚೂರು ಎಬ್ಬಿಸಿದರೆ ಅಂಗೈಯಗಲದ ಸಿಮೆಂಟ್ ಹಪ್ಪಳದ ಹಾಗೆ ಏಳುತ್ತದೆ. ಅದರ ಬೆನ್ನಿಗೆ ಹತ್ತಿಯಂಥ ಬಿಳಿ ನಾರು, ಹಿಂದಿನ ಇಟ್ಟಿಗೆ ಉಗುರಿನಿಂದ ಕೆರೆದರೆ ಉದುರುವ ರವೆ. ನೂರು ವರ್ಷ ನಿಂತ ಇಟ್ಟಿಗೆಯನ್ನು ಹಾಗೆ ಮಾಡಿದ್ದು ನಾಲ್ಕೈದು ವರ್ಷದ ಸಿಮೆಂಟ್. ವಿಟ್ರಿಫೈಡ್ ಟೈಲ್ಸ್ ಮಾಡುವುದೂ ಇದನ್ನೇ. ನೆಲದಿಂದ ಆರಿಹೋಗುತ್ತಿದ್ದ ತೇವವನ್ನು ಗೋಡೆಯ ಬುಡಕ್ಕೆ ದೂಡುತ್ತದೆ. ಹಳೇ ಕೆಂಪು ಗಾರೆಯ ನೆಲ ಬಿರುಕು ಬಿಟ್ಟಿದ್ದರೆ ಬಿರುಕಷ್ಟನ್ನೇ ತುಂಬಿಸಿ, ಉಜ್ಜಿ ಮೇಣ ಹಾಕಿಸಿ.

ಗೋಡೆ ಮುಟ್ಟುವ ಮೊದಲು ಹೊರಗೆ ಬಂದು ನೆಲ ನೋಡಿ. ರಸ್ತೆಗೆ ಪ್ರತಿ ಸಲ ಡಾಂಬರು ಹಾಕುವಾಗಲೂ ಹಳೇದರ ಮೇಲೇ ಹಾಕಿ, ರಸ್ತೆ ಏರುತ್ತ ಕಟ್ಟಡದ ಪಾಯ ತಗ್ಗಿನಲ್ಲಿ ಉಳಿದಿರುತ್ತದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದರೆ ಅದರ ಇಳಿಜಾರು ಎಷ್ಟೋ ಕಡೆ ಗೋಡೆಯ ಕಡೆಗೇ ಇರುತ್ತದೆ. ಗೋಡೆಯ ಸುತ್ತ ಒಂದೂವರೆ ಅಡಿ ಅಗಲಕ್ಕೆ ಹಾಸು ಕಿತ್ತು, ಒಳನೆಲದ ಮಟ್ಟಕ್ಕಿಂತ ಕನಿಷ್ಠ ಆರಿಂಚು ತಗ್ಗಿಗೆ ಅಗೆದು, ದಪ್ಪ ಜಲ್ಲಿ ತುಂಬಿ, ನೀರು ಚರಂಡಿಗೆ ಹರಿಯುವಂತೆ ಓಟ ಕೊಡಿ. ಪಾಯದ ಕಲ್ಲಿಗಿಂತ ಕೆಳಗೆ ಮಾತ್ರ ಅಗೆಯಬೇಡಿ. ಇಷ್ಟನ್ನೇ ಮಾಡಿ ಒಂದು ವರ್ಷ ಸುಮ್ಮನಿದ್ದರೂ ಎಷ್ಟೋ ಗೋಡೆಗಳ ತೇವ ಅರ್ಧಕ್ಕೆ ಇಳಿದೀತು. ಒಣಗಲು ಬಿಡದೆ ಬಳಿದ ಸುಣ್ಣವೂ ನಿಲ್ಲುವುದಿಲ್ಲ.

ಸುಣ್ಣದ ಗಾರೆಯ ಪಾಕ ಹೀಗೆ. ಮೊದಲು ಹಳೇ ಗಾರೆಯ ಒಂದು ಹೆಂಟೆಯನ್ನು ಒಣಗಿಸಿ ತೂಗಿ, ನೀರು ಬೆರೆಸಿದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಹಾಕಿ. ನೊರೆ ನಿಂತ ಮೇಲೆ ಉಳಿದ ಮರಳನ್ನು ತೊಳೆದು ಒಣಗಿಸಿ ತೂಗಿ. ಕರಗಿದ್ದು ಸುಣ್ಣ, ಉಳಿದದ್ದು ಮರಳು. ಪಾಕವೂ ಗೊತ್ತಾಯಿತು, ಮರಳಿನ ದಪ್ಪವೂ ಗೊತ್ತಾಯಿತು. ಬಹಳ ಕಡೆ ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು ಹೊಂದುತ್ತದೆ. ಮಳೆ ಬಡಿಯುವ ಹೊರಮೈಗೆ ಮರಳಿನ ಒಂದು ಪಾಲಿನ ಬದಲು ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಹಾಕಿದರೆ ತೇವದಲ್ಲೂ ಗಟ್ಟಿಯಾಗುತ್ತದೆ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ, ಜರಡಿಯಾಡಿ, ಮೇಲೆ ನೀರು ನಿಲ್ಲಿಸಿ ಕನಿಷ್ಠ ಮೂರು ವಾರ ಬಿಡಬೇಕು. ಅರಳದ ಹರಳು ಉಳಿದರೆ ಅದು ಗೋಡೆಯ ಮೇಲೆ ಅರಳಿ, ಕಡಲೆಕಾಳಿನಷ್ಟು ಗುಳ್ಳೆ ಎದ್ದು ಸಿಡಿಯುತ್ತದೆ. ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಬೆರೆಸುವುದು ನಮ್ಮ ಕಡೆಯ ಹಳೇ ಪದ್ಧತಿ. ಅಳತೆ ಬಲ್ಲ ಮೇಸ್ತ್ರಿ ಇದ್ದರೆ ಮಾಡಿಸಿ. ಇಲ್ಲದಿದ್ದರೆ ಬೆಲ್ಲ ಹೆಚ್ಚಾಗಿ ಇರುವೆಗೆ ಹಬ್ಬ, ಗಾರೆಗೆ ಬೂಷ್ಟು.

ಬಳಿಯುವಾಗ ಗೋಡೆಯನ್ನು ಹಿಂದಿನ ಸಂಜೆಯೇ ನೆನೆಸಬೇಕು. ಒಂದೊಂದು ಪದರ ಹತ್ತು ಮಿಲಿಮೀಟರ್ ಮೀರಬಾರದು. ಮೊದಲನೆಯದು ಬಿಗಿದ ಮೇಲೆ ಎರಡನೆಯದು. ನೆನೆದ ಗೋಣಿ ಇಳಿಬಿಟ್ಟು ವಾರವಾದರೂ ತಂಪು ಉಳಿಸಬೇಕು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುತ್ತದೆ, ಅದಕ್ಕೆ ವಾರಗಟ್ಟಲೆ ಸಮಯ ಬೇಕು. ಇಲ್ಲಿ ಇನ್ನೊಂದು ಲೆಕ್ಕ ನೋಡಿ. ಮೇಲೆ ಹೇಳಿದ ಹಜಾರದ ಗೋಡೆಯ ಕೆಳಗಿನ ನಾಲ್ಕಡಿಯ ಸಿಮೆಂಟ್ ಕೆತ್ತಿ ಒಳಗೂ ಹೊರಗೂ 20 ಮಿ.ಮೀ. ಸುಣ್ಣದ ಗಾರೆ ಬಳಿಯಲು ಸುಮಾರು 134 ಚದರ ಮೀಟರ್ ಆಯಿತು. ಗಾರೆ 2.7 ಘನ ಮೀಟರ್, ಸುಟ್ಟ ಸುಣ್ಣ ಅರ್ಧ ಟನ್ ಆಸುಪಾಸು. ಸಾಮಾನು ದುಬಾರಿಯಲ್ಲ, ದುಬಾರಿ ಎಂದರೆ ದಿನಗಳು.

ದಿನಗಳ ವಿಷಯದಲ್ಲೇ ನಮಗೂ ಸರ್ಕಾರಿ ಪಂಚಾಂಗಕ್ಕೂ ತಕರಾರು. ಹಣ ಬಿಡುಗಡೆಯಾಗುವುದು ಫೆಬ್ರವರಿಗೆ, ಬಿಲ್ ಆಗಬೇಕಾದ್ದು ಮಾರ್ಚ್ ಮೂವತ್ತೊಂದರ ಒಳಗೆ. ನಮ್ಮ ಕಡೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ. ಮಾರ್ಚ್ ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಯಾವ ಸಂಜೆ ಸುರಿಯುತ್ತದೋ ಹೇಳಲಾಗದು, ಆಗ ಹೆಂಚು ಇಳಿಸಿಟ್ಟ ಗ್ರಂಥಾಲಯದ ಗತಿ ಊಹಿಸಿ. ಜೂನ್‌ಗೆ ಮುಂಗಾರು. ಹಾಗಾಗಿ ಮಾಡು, ಮರ, ದೋಣಿ, ಚರಂಡಿ ಒಂದು ವರ್ಷದ ಕಾಮಗಾರಿ. ನಡುವೆ ಒಂದು ಮಳೆಗಾಲ ಕಾದು ಎಲ್ಲಿ ಸೋರುತ್ತದೆ ನೋಡಿ. ಗೋಡೆ, ನೆಲ ಮುಂದಿನ ವರ್ಷದ್ದು. ಟೆಂಡರನ್ನೂ ಹೀಗೆ ಎರಡು ಹಂತ ಮಾಡಿ. ಎಸ್.ಆರ್.ನಲ್ಲಿ ಸುಣ್ಣದ ಐಟಂ ಇಲ್ಲವೆಂಬ ನೆಪ ಕೇಳಿ ಕೇಳಿ ಸಾಕಾಗಿದೆ. ಇಲ್ಲದ ಐಟಂಗೆ ರೇಟ್ ಅನಾಲಿಸಿಸ್ (ದರದ ಲೆಕ್ಕ) ಮಾಡಿ ಮಂಜೂರಾತಿ ಪಡೆಯುವುದು ಎಂಜಿನಿಯರರಿಗೆ ಹೊಸದೇನಲ್ಲ. ಜೊತೆಗೆ, ಇದೇ ಜಿಲ್ಲೆಯೊಳಗೆ ಕಡೂರಿನ ಮಳೆಗೂ ಶೃಂಗೇರಿ, ಕೊಪ್ಪದ ಮಳೆಗೂ ಅಜಗಜಾಂತರ. ಬಯಲುಸೀಮೆಗೆ ಬರೆದ ಎಸ್ಟಿಮೇಟನ್ನು ಊರಿನ ಹೆಸರು ಬದಲಿಸಿ ಮಲೆನಾಡಿಗೆ ಕಳಿಸಬೇಡಿ.

ಬಿರುಕು ಕಂಡ ಕೂಡಲೇ ಗಾಬರಿ ಬೇಡ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಒಂದು ವರ್ಷ ಒಡೆಯದಿದ್ದರೆ ಅದು ಯಾವತ್ತೋ ನಿಂತುಹೋದ ಬಿರುಕು, ಸುಣ್ಣ ತುಂಬಿದರೆ ಸಾಕು. ಒಡೆದರೆ ಪಾಯದ ಕಡೆ ನೋಡಬೇಕು.

ಇನ್ನು ಪುಸ್ತಕ, ಚಿತ್ರಗಳು. ಮೈಸೂರಿನ ಜಗನ್ಮೋಹನ ಅರಮನೆ 1861ರಲ್ಲಿ ಅರಮನೆಯಾಗಿಯೇ ಎದ್ದದ್ದು, 1915ರಲ್ಲಿ ಚಿತ್ರಶಾಲೆಯಾಯಿತು. ನಮ್ಮ ಊರುಗಳಲ್ಲೂ ಇನ್ಯಾವುದಕ್ಕೋ ಕಟ್ಟಿದ್ದು ಆಮೇಲೆ ಗ್ರಂಥಾಲಯವಾಗುವುದುಂಟು. ಹಾಗಾದಾಗ ಎರಡು ಪ್ರಶ್ನೆ ಕೇಳಲೇಬೇಕು: ಭಾರ ಎಷ್ಟು, ಬೆಳಕು ಎಷ್ಟು.

ವಾಸದ ಮನೆಯ ನೆಲ ಚದರ ಮೀಟರಿಗೆ 200 ಕೆ.ಜಿ. ಹೊತ್ತರೆ ಸಾಕು ಎನ್ನುವ ಭಾರತೀಯ ಮಾನಕ, ಪುಸ್ತಕದ ರ‍್ಯಾಕುಗಳ ಕೋಣೆಗೆ ಕೇಳುವುದು ಕನಿಷ್ಠ 600 ಕೆ.ಜಿ. ಮೂರಡಿ ಅಗಲ, ಆರು ಹಲಗೆಯ ಒಂದು ಕಬ್ಬಿಣದ ರ‍್ಯಾಕು ತುಂಬಿದರೆ ನೂರೈವತ್ತು ಕೆ.ಜಿ. ಮೀರುತ್ತದೆ, ಅದು ನಿಲ್ಲುವುದು ಅಂಗೈಯಗಲದ ನಾಲ್ಕು ಕಾಲಿನ ಮೇಲೆ. ಮರದ ತೊಲೆಯ ಮೇಲಂತಸ್ತಿನಲ್ಲಿ ಇಂಥವನ್ನು ಸಾಲಾಗಿ, ಅದೂ ನಟ್ಟನಡುವೆ ನಿಲ್ಲಿಸುವುದು ಅಪಾಯ. ರ‍್ಯಾಕುಗಳೆಲ್ಲ ನೆಲಮಹಡಿಗೆ ಬರಲಿ, ಮೇಲೆ ಓದುವ ಮೇಜು, ಪತ್ರಿಕೆ ಇರಲಿ. ರ‍್ಯಾಕು ಗೋಡೆಯಿಂದ ಆರಿಂಚು ದೂರ, ಕೊನೆಯ ಹಲಗೆ ನೆಲದಿಂದ ಆರಿಂಚು ಮೇಲೆ ಇರಬೇಕು. ಗೋಡೆಗೆ ಒತ್ತಿ ನಿಲ್ಲಿಸಿದ ರ‍್ಯಾಕಿನ ಹಿಂದೆ ಗೆದ್ದಲು ಮಣ್ಣಿನ ಗೆರೆ ಎಳೆದದ್ದು ಗೊತ್ತಾಗುವುದು, ಪುಸ್ತಕ ಎತ್ತಿದಾಗ ರಟ್ಟು ಮಾತ್ರ ಕೈಗೆ ಬಂದಮೇಲೆ.

ತೇವಾಂಶ ಶೇ 65 ದಾಟಿ ದಿನಗಟ್ಟಲೆ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಗವಾಕ್ಷಿಯನ್ನು ಇಷ್ಟು ಹೊಗಳಿದೆವಲ್ಲ, ಒಂದು ಮಾತು ಒಪ್ಪಿಕೊಳ್ಳಬೇಕು: ಜುಲೈನಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಕಿಟಕಿ ತೆರೆದರೆ ಪುಸ್ತಕ ಒಣಗುವುದಿಲ್ಲ. ಅಪರೂಪದ ಹಳೇ ಪುಸ್ತಕ, ಹಸ್ತಪ್ರತಿಗಳನ್ನು ಒಂದು ಒಳಕೋಣೆಗೆ ಸೇರಿಸಿ, ಬಾಗಿಲು ಬಿಗಿ ಮಾಡಿ, ತೇವ ಹೀರುವ ಯಂತ್ರವೊಂದನ್ನು ಮಳೆಗಾಲ ಪೂರ್ತಿ ಹಗಲಿರುಳೂ ಓಡಿಸಿ. ಆಫೀಸು ಮುಚ್ಚುವಾಗ ಎಸಿ ಆರಿಸಿ, ಬೆಳಿಗ್ಗೆ ಮತ್ತೆ ಹಾಕುವುದು ಎಸಿ ಇಲ್ಲದ್ದಕ್ಕಿಂತ ಕೆಟ್ಟದ್ದು. ದಿನಕ್ಕೊಂದು ಸಲ ತೇವಾಂಶ ಏರಿಳಿದು ಕಾಗದ ಹಿಗ್ಗಿ ಕುಗ್ಗುತ್ತದೆ.

ಬೆಳಕಿನಲ್ಲಿ ಓದುಗನಿಗೂ ಚಿತ್ರಕ್ಕೂ ಹಗೆತನ. ಓದುವ ಮೇಜಿಗೆ 300 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೇಕು. ಜಲವರ್ಣ, ಹಳೇ ಫೋಟೊ, ಕಾಗದದ ಮೇಲಿನ ಯಾವುದಕ್ಕೂ 50 ಲಕ್ಸ್ ಮೀರಬಾರದು, ತೈಲವರ್ಣಕ್ಕೆ 200. ಹಾಗಾಗಿ ಉತ್ತರದ ಕಿಟಕಿಗಳ ಕಡೆ ಓದುವವರು, ಕಿಟಕಿ ಕಡಿಮೆ ಇರುವ ಒಳಕೋಣೆಯಲ್ಲಿ ಚಿತ್ರಗಳು. ಚಿತ್ರವನ್ನು ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ. ಬೇರೆ ಜಾಗವೇ ಇಲ್ಲದಿದ್ದರೆ ಚೌಕಟ್ಟಿನ ನಾಲ್ಕು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ ಹಿಂದೆ ಒಂದಿಂಚು ಗಾಳಿ ಆಡಲು ಬಿಡಿ. ಕೆಲವು ಹಳೇ ಹಜಾರಗಳಲ್ಲಿ ಬಾಗಿಲ ಮಟ್ಟಕ್ಕಿಂತ ಮೇಲೆ ಗೋಡೆಯುದ್ದಕ್ಕೂ ಮರದ ಪಟ್ಟಿ ಓಡಿರುತ್ತದೆ. ಅದು ಅಲಂಕಾರಕ್ಕಲ್ಲ, ಚಿತ್ರ ತೂಗುಹಾಕಲು. ಬಣ್ಣ ಬಳಿಯುವಾಗ ಅಡ್ಡವಾಯಿತೆಂದು ಕಿತ್ತುಹಾಕಿಸಬೇಡಿ.

ವೈರಿಂಗಿಗೆ ಗೋಡೆ ಕೊರೆಯದೆ ಹೊರಗಿನಿಂದಲೇ ಪೈಪ್ ಎಳೆಯಿರಿ, ರಾತ್ರಿ ಮೇನ್ ಆರಿಸುವ ವ್ಯವಸ್ಥೆ ಇರಲಿ, ತೇವ ಹೀರುವ ಯಂತ್ರಕ್ಕೆ ಬೇರೆ ಲೈನು. ಗಾಲಿಕುರ್ಚಿಯ ದಾರಿಗೆಂದು ಮುಂದಿನ ಕಲ್ಲು ಮೆಟ್ಟಿಲು ಒಡೆಯುವುದು ಬೇಡ. 1:12 ಇಳಿಜಾರಿನಂತೆ ಮೂರಡಿ ಎತ್ತರದ ಜಗಲಿಗೆ 36 ಅಡಿ ಉದ್ದದ ದಾರಿ ಬೇಕು, ನಡುವೆ ಒಂದು ಸಮತಟ್ಟು. ಅದು ಪಕ್ಕದ ಜಗಲಿಯಿಂದ, ಗೋಡೆಗೆ ಅಂಟದಂತೆ ಬರಲಿ.

ಆಸ್ತಿ ತೆರಿಗೆಯ ಜೊತೆ ಶೇ 6ರ ಗ್ರಂಥಾಲಯ ಕರವನ್ನು ಈ ಊರಿನ ಜನ ಕಟ್ಟುತ್ತಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದ ಕರ ಅದು. ಆ ಹಕ್ಕಿನಿಂದ ಓದುಗರಿಗೂ ಒಂದು ಮಾತು. ಕಾಮಗಾರಿಯ ಎಸ್ಟಿಮೇಟ್ ಕೇಳಿ ಪಡೆಯಿರಿ. ಅದರಲ್ಲಿ ಹೆಂಚು, ದೋಣಿ, ಚರಂಡಿಯ ಸಾಲುಗಳಿಗಿಂತ ಮೊದಲು ಪೇಂಟಿನ ಸಾಲು ಕಂಡರೆ ಪ್ರಶ್ನೆ ಮಾಡಿ.

ಅಧಿಕಾರಿಗಳಲ್ಲಿ ಒಂದೇ ಕೋರಿಕೆ. ಮುಂದಿನ ಎಸ್ಟಿಮೇಟಿಗೆ ಸಹಿ ಹಾಕುವ ಎಂಜಿನಿಯರರು, ಆ ಕಟ್ಟಡದ ಗ್ರಂಥಪಾಲಕರನ್ನೂ ಒಬ್ಬ ಬಡಗಿಯನ್ನೂ ಜೊತೆಗೆ ಕರೆದುಕೊಂಡು, ಜೋರು ಮಳೆ ಹೊಡೆಯುತ್ತಿರುವ ಒಂದು ಮಧ್ಯಾಹ್ನ ಟಾರ್ಚ್ ಮತ್ತು ಸೀಮೆಸುಣ್ಣ ಹಿಡಿದು ಅಟ್ಟ ಹತ್ತಲಿ. ನೀರು ತೊಟ್ಟಿಕ್ಕುವಲ್ಲೆಲ್ಲ ಪಕಾಸಿಯ ಮೇಲೆ ಒಂದೊಂದು ಗುರುತು ಹಾಕಿ, ಎಣಿಸಿಕೊಂಡು ಇಳಿಯಲಿ. ಆ ಎಣಿಕೆಯಿಂದ ಎಸ್ಟಿಮೇಟ್ ಶುರುವಾಗಲಿ.

ಇಂತಿ,
ಹಳೇ ಕಟ್ಟಡಗಳ ಗಾರೆ, ಮರ, ಹೆಂಚಿನ ಕೆಲಸದವರು ಮತ್ತು ಗ್ರಂಥಾಲಯ ಬಳಸುವವರು
ಚಿಕ್ಕಮಗಳೂರು